ಹೊಲಕ್ಕೆ ಗೊಬ್ಬರ ಹೊಡೆದರೆ ಭೂಮಿ ಬಿಸಿಯಾಗುತ್ತದಾ?

ಪ್ರಶ್ನೆ: ನಮ್ಮದು ತುಮಕೂರು ಜಿಲ್ಲೆ. ಮೂರು ಎಕರೆ ಖುಷ್ಕಿ, ರಾಗಿ ಬೆಳೆಯುತ್ತೇವೆ. ಎರಡು ಸೀಮೆಹಸು, ಒಂದು ಜೊತೆ ಎತ್ತು ಇವೆ. ಯುಗಾದಿ ಕಳೆದ ಮೇಲೆ ತಿಪ್ಪೆ ತೋಡಿ, ಎಕರೆಗೆ ಎರಡು ಟ್ರ್ಯಾಕ್ಟರ್ ಲೋಡಿನ ಹಾಗೆ ಗೊಬ್ಬರ ಹೊಡೆದು ಹೊಲದ ತುಂಬಾ ಸಣ್ಣ ಸಣ್ಣ ರಾಶಿಯಾಗಿ ಗುಪ್ಪೆ ಹಾಕಿಬಿಡುತ್ತೇವೆ. ಮಳೆ ಬಿದ್ದ ಮೇಲೆ ಹರಡಿ ಉಳುತ್ತೇವೆ. ಕಾಲೇಜಿಗೆ ಹೋಗುವ ಮಗಳು ಈ ಸಲ, 'ಅಪ್ಪಾ, ಸಗಣಿ ಗೊಬ್ಬರ ಹೊಲಕ್ಕೆ ಹಾಕಿದರೆ ಹಸಿರುಮನೆ ಅನಿಲ ಬರುತ್ತಂತೆ, ಭೂಮಿ ಬಿಸಿಯಾಗುತ್ತಂತೆ' ಎಂದಳು. ನಮ್ಮಪ್ಪ, ತಾತ ಎಲ್ಲ ಮಾಡಿಕೊಂಡು ಬಂದದ್ದೇ ಇದು. ಅವಳು ಹೇಳಿದ್ದು ನಿಜವೇ? ಹಾಗಾದರೆ ಯೂರಿಯಾನೇ ವಾಸಿಯಾ? ಶಿವಮೊಗ್ಗ ಕಡೆ ಇರುವ ತಂಗಿ ಮನೆಯವರು ಭತ್ತದ ಗದ್ದೆಗೂ ಗೊಬ್ಬರ ಹಾಕುತ್ತಾರೆ. ಅವರಿಗೇನು ಹೇಳಲಿ?

ಉತ್ತರ: ನಿಮ್ಮ ಮಗಳು ಹೇಳಿದ್ದು ನಿಜ. ಆದರೆ ಅದಕ್ಕಾಗಿ ಗೊಬ್ಬರ ಹಾಕುವುದನ್ನು ನಿಲ್ಲಿಸಬೇಡಿ. ಬದಲಾಯಿಸಬೇಕಾದ್ದು ಒಂದೇ ಒಂದು. ನಿಮ್ಮ ಪತ್ರದಲ್ಲಿ 'ಗುಪ್ಪೆ ಹಾಕಿಬಿಡುತ್ತೇವೆ' ಎಂದು ಬರೆದಿದ್ದೀರಲ್ಲ, ಆ 'ಬಿಡುತ್ತೇವೆ' ಅನ್ನುವುದನ್ನು. ಯಾಕೆ ಅಂತ ಹೇಳಲು ಸ್ವಲ್ಪ ಹಿಂದಿನಿಂದ ಬರಬೇಕು.

ಸಗಣಿ ಕೊಳೆಯುವಾಗ ಮೂರು ಹಸಿರುಮನೆ ಅನಿಲ ಹೊರಡುತ್ತವೆ. ಮೊದಲನೆಯದು ಇಂಗಾಲದ ಡೈಆಕ್ಸೈಡ್. ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಹೋದ ವರ್ಷ ಹುಲ್ಲು ಗಾಳಿಯಿಂದ ಹೀರಿಕೊಂಡದ್ದನ್ನು ಹಸು ತಿಂದಿತು, ಅದೇ ವಾಪಸ್ ಹೋಗುತ್ತಿದೆ. ಲೆಕ್ಕ ಸರಿಹೋಯಿತು. ಎರಡನೆಯದು ಮೀಥೇನ್. ಗಾಳಿ ಆಡದ ಜಾಗದಲ್ಲಿ, ಅಂದರೆ ಒತ್ತಿಕೊಂಡ ತಿಪ್ಪೆಯ ಹೊಟ್ಟೆಯಲ್ಲಿ, ನೀರು ನಿಂತ ಗದ್ದೆಯಲ್ಲಿ ಹುಟ್ಟುತ್ತದೆ. ನೂರು ವರ್ಷದ ಲೆಕ್ಕ ಹಿಡಿದರೆ ಒಂದು ಕೆಜಿ ಮೀಥೇನ್ ಸುಮಾರು 27 ಕೆಜಿ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿ ಹಿಡಿಯುತ್ತದೆ. ಮೂರನೆಯದು ನೈಟ್ರಸ್ ಆಕ್ಸೈಡ್. ಹಲ್ಲಿನ ಡಾಕ್ಟರು ನೋವು ಗೊತ್ತಾಗದಿರಲೆಂದು ಕೊಡುವ ನಗೆ ಅನಿಲ ಇದೇ. ಒಂದು ಕೆಜಿ ನೈಟ್ರಸ್ ಆಕ್ಸೈಡ್ ಅಂದರೆ 273 ಕೆಜಿ ಇಂಗಾಲದ ಡೈಆಕ್ಸೈಡ್. ಮೇಲೆ ಹೋದರೆ ನೂರು ವರ್ಷಕ್ಕೂ ಜಾಸ್ತಿ ಅಲ್ಲೇ ಇರುತ್ತದೆ. ಸಾಲದ್ದಕ್ಕೆ ಓಝೋನ್ ಪದರವನ್ನೂ ಕೆಡಿಸುತ್ತದೆ. ಖುಷ್ಕಿ ಹೊಲಕ್ಕೆ ಗೊಬ್ಬರ ಹಾಕಿದಾಗ ನಾವು ಹುಡುಕುವುದು ಇದನ್ನೇ.

ಇದು ಹುಟ್ಟುವ ರೀತಿ ಹೀಗೆ. ಗೊಬ್ಬರದಲ್ಲಿರುವ ಸಾರಜನಕ ಮಣ್ಣಿಗೆ ಸೇರಿದ ಮೇಲೆ ಸೂಕ್ಷ್ಮಜೀವಿಗಳು ಅದನ್ನು ಮೊದಲು ಅಮೋನಿಯಂ, ಆಮೇಲೆ ನೈಟ್ರೇಟ್ ಮಾಡುತ್ತವೆ. ಪೈರು ಜಾಸ್ತಿ ಹೀರುವುದು ಈ ನೈಟ್ರೇಟನ್ನೇ. ಆದರೆ ಮಳೆ ಬಂದು ಮಣ್ಣಿನ ಸಂದುಗಳಲ್ಲಿ ನೀರು ತುಂಬಿಕೊಂಡಾಗ ಒಳಗಿರುವ ಜೀವಿಗಳಿಗೆ ಉಸಿರಾಡಲು ಗಾಳಿ ಸಾಲುವುದಿಲ್ಲ. ಆಗ ಅವು ನೈಟ್ರೇಟಿನೊಳಗಿನ ಆಮ್ಲಜನಕವನ್ನೇ ಕಿತ್ತುಕೊಂಡು ಉಸಿರಾಡುತ್ತವೆ. ಮಿಕ್ಕಿದ್ದು ನೈಟ್ರಸ್ ಆಕ್ಸೈಡ್ ಆಗಿ ಮೇಲೆ ಹೋಗುತ್ತದೆ. ಮಣ್ಣಿನ ಸಂದುಗಳಲ್ಲಿ ನೂರಕ್ಕೆ 60ರಿಂದ 80 ಪಾಲು ನೀರು ತುಂಬಿರುವಾಗ ಇದು ಜೋರು. ಅಷ್ಟು ಒದ್ದೆ ಇಲ್ಲದಿದ್ದರೆ ಕಡಿಮೆ. ಪೂರಾ ನೀರು ನಿಂತರೆ ಬಹುಪಾಲು ಸಾರಜನಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಏನೂ ತೊಂದರೆ ಮಾಡದ ಬರೀ ಸಾರಜನಕದ ಗಾಳಿಯಾಗಿಬಿಡುತ್ತದೆ.

ಇದನ್ನು ಅಳೆಯುವುದು ಹೇಗೆ ಗೊತ್ತಾ? ಮಗಳಿಗೆ ಇಷ್ಟವಾಗಬಹುದು, ಹೇಳಿ. ಮಣ್ಣಿಗೆ ಒಂದು ಲೋಹದ ಬಳೆಯಂಥ ಚೌಕಟ್ಟನ್ನು ನಾಲ್ಕು ಬೆರಳು ಆಳಕ್ಕೆ ಒತ್ತಿ ಬಿಡುತ್ತೇವೆ. ಅದರ ಮೇಲೆ ಬಕೆಟ್ ಮಗುಚಿದ ಹಾಗೆ ಒಂದು ಪೆಟ್ಟಿಗೆ ಕವಿಚುತ್ತೇವೆ. ಮೇಲ್ಗಡೆ ಸಣ್ಣ ರಬ್ಬರ್ ಬಿರಡೆ ಇರುತ್ತದೆ. ಕವಿಚಿದ ತಕ್ಷಣ ಒಮ್ಮೆ, ಆಮೇಲೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ, ಡಾಕ್ಟರ ಸಿರಿಂಜಿನಿಂದ ಒಳಗಿನ ಗಾಳಿ ಎಳೆದು ಸಣ್ಣ ಸೀಸೆಗಳಿಗೆ ತುಂಬುತ್ತೇವೆ. ಲ್ಯಾಬಿನ ಯಂತ್ರ ಅದರಲ್ಲಿ ನೈಟ್ರಸ್ ಆಕ್ಸೈಡ್ ಎಷ್ಟಿದೆ ಎಂದು ಹೇಳುತ್ತದೆ. ನಿಮಿಷ ಕಳೆದಂತೆ ಅದು ಎಷ್ಟು ಏರಿತು ಅನ್ನುವುದೇ ಮಣ್ಣು ಬಿಟ್ಟ ಉಸಿರಿನ ಲೆಕ್ಕ. ಬಿಸಿಲಲ್ಲಿ ಕೂತು, ವಾಚು ನೋಡುತ್ತಾ, ಸೀಸೆಗಳಿಗೆ ಚೀಟಿ ಅಂಟಿಸುತ್ತಾ ಕಳೆದ ದಿನಗಳು ನನಗೆ ಒಂದು ಪಾಠ ಕಲಿಸಿವೆ. ಒಣ ದಿನಗಳಲ್ಲಿ ವಾರಗಟ್ಟಲೆ ಅಳೆದರೂ ಅಂಕಿ ಅಲುಗುವುದಿಲ್ಲ. ಒಂದು ಮಳೆ ಬಿದ್ದ ಮಾರನೆಯ ದಿನ ನೆಗೆಯುತ್ತದೆ, ನಾಲ್ಕೈದು ದಿನದಲ್ಲಿ ಇಳಿದುಹೋಗುತ್ತದೆ. ಇಡೀ ವರ್ಷದ ಲೆಕ್ಕದ ದೊಡ್ಡ ಪಾಲು ಇಂಥ ಕೆಲವೇ ದಿನಗಳಲ್ಲಿ ಮುಗಿದುಹೋಗಿರುತ್ತದೆ.

ಬೇಸಿಗೆಯಲ್ಲಿ ಒಣಗಿ ಬಿದ್ದಿದ್ದ ಮಣ್ಣಿಗೆ ಮೊದಲ ಮಳೆ ಬಿದ್ದಾಗ ಜೀವಿಗಳು ಒಟ್ಟಿಗೇ ಎದ್ದು ಕೂರುತ್ತವೆ. ಪೂರ್ವ ಆಫ್ರಿಕಾದ ಮಣ್ಣುಗಳಲ್ಲಿ ಇದನ್ನು ಚೆನ್ನಾಗಿ ನೋಡಿ 1958ರಲ್ಲಿ ಬರೆದವರು ಬರ್ಚ್ ಎಂಬ ವಿಜ್ಞಾನಿ. ಇವತ್ತಿಗೂ ಇದಕ್ಕೆ ಅವರ ಹೆಸರೇ ಇದೆ. 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಎಂದು ನಮ್ಮವರು ಹೇಳುವ ಹೊತ್ತಿಗೇ ನಿಮ್ಮ ಹೊಲದಲ್ಲಿ ಇದೂ ನಡೆಯುತ್ತದೆ. ಆಗ ನೆಲದಲ್ಲಿ ಸಾರಜನಕ ಇದೆ, ನೀರು ಇದೆ, ಪೈರು ಮಾತ್ರ ಇಲ್ಲ. ಹೀರುವವರು ಇಲ್ಲದ ಊಟ ಹಾಳಾಗುತ್ತದೆ.

ಈಗ ನಿಮ್ಮ ಹೊಲದ ಲೆಕ್ಕಕ್ಕೆ ಬರೋಣ. ಸುಮ್ನೆ 'ಮಾಲಿನ್ಯ ಮಾಲಿನ್ಯ' ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಟ್ರ್ಯಾಕ್ಟರ್ ಲೋಡಿಗೆ ಎರಡು ಟನ್ ಹಿಡಿಯೋಣ. ಎಕರೆಗೆ ನಾಲ್ಕು ಟನ್, ಮೂರು ಎಕರೆಗೆ ಹನ್ನೆರಡು ಟನ್. ನಮ್ಮ ಕಡೆಯ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಅರ್ಧ ಪಾಲು. ಅಂದರೆ ಎಕರೆಗೆ 20 ಕೆಜಿ, ಒಟ್ಟು 60 ಕೆಜಿ ಸಾರಜನಕ. 45 ಕೆಜಿಯ ಒಂದು ಮೂಟೆ ಯೂರಿಯಾದಲ್ಲಿ ಇರುವುದೂ ಸುಮಾರು 20 ಕೆಜಿಯೇ. ಅಂದರೆ ಎಕರೆಗೆ ಒಂದು ಮೂಟೆ ಯೂರಿಯಾದ ಸಾರಜನಕವನ್ನು ನೀವು ಎರಡು ಲೋಡ್ ಗೊಬ್ಬರದಲ್ಲಿ ಸುರಿಯುತ್ತಿದ್ದೀರಿ. ಈ ಹೋಲಿಕೆ ನೆನಪಿಡಿ, ಆಮೇಲೆ ಬೇಕಾಗುತ್ತದೆ.

ಇದರಲ್ಲಿ ಎಷ್ಟು ನೈಟ್ರಸ್ ಆಕ್ಸೈಡ್ ಆಗುತ್ತದೆ? ವಿಶ್ವಸಂಸ್ಥೆಯ ಹವಾಮಾನ ಮಂಡಳಿ ಐಪಿಸಿಸಿ ಎಲ್ಲ ದೇಶಗಳಿಗೂ ಒಂದು ಲೆಕ್ಕದ ಕೈಪಿಡಿ ಕೊಟ್ಟಿದೆ. 2006ರ ಕೈಪಿಡಿಯಲ್ಲಿ, ಹೊಲಕ್ಕೆ ಹಾಕಿದ ಸಾರಜನಕದಲ್ಲಿ ನೂರಕ್ಕೆ ಒಂದು ಪಾಲು ಹೀಗೆ ಹೋಗುತ್ತದೆ ಎಂದಿತ್ತು. 2019ರಲ್ಲಿ ತಿದ್ದಿದರು. ಮಳೆ ಕಡಿಮೆ ಇರುವ ಕಡೆ, ನಿಮ್ಮ ಕಡೆ ಅಂತಲೇ ಇಟ್ಟುಕೊಳ್ಳಿ, ಗೊಬ್ಬರವಾಗಲಿ ಯೂರಿಯಾವಾಗಲಿ ನೂರಕ್ಕೆ ಅರ್ಧ ಪಾಲು. ಮಳೆ ಜಾಸ್ತಿ ಇರುವ ಕಡೆ ರಸಗೊಬ್ಬರಕ್ಕೆ 1.6, ಸಗಣಿ ಗೊಬ್ಬರದಂಥವಕ್ಕೆ 0.6. ನಿಮ್ಮ 60 ಕೆಜಿ ಸಾರಜನಕಕ್ಕೆ ಈ ಲೆಕ್ಕ ಹಾಕಿದರೆ ವರ್ಷಕ್ಕೆ ಅರ್ಧ ಕೆಜಿಗಿಂತ ಸ್ವಲ್ಪ ಕಡಿಮೆ ನೈಟ್ರಸ್ ಆಕ್ಸೈಡ್ ಬರುತ್ತದೆ. ಇಂಗಾಲದ ಡೈಆಕ್ಸೈಡಿನ ಲೆಕ್ಕಕ್ಕೆ ತಿರುಗಿಸಿದರೆ ಸುಮಾರು 130 ಕೆಜಿ. ಒಂದು ಲೀಟರ್ ಡೀಸೆಲ್ ಉರಿದರೆ 2.7 ಕೆಜಿ ಬರುತ್ತದೆ. ಅಂದರೆ ನಿಮ್ಮ ಮೂರು ಎಕರೆಯ ಗೊಬ್ಬರ 50 ಲೀಟರ್ ಡೀಸೆಲ್‌ಗೆ ಸಮ. ಅಷ್ಟೇ.

ಇದನ್ನು ನಿಮ್ಮ ಮನೆಯ ಬೇರೆ ಲೆಕ್ಕಗಳ ಪಕ್ಕ ಇಡಿ. ಹಸು ಮೆಲುಕು ಹಾಕುವಾಗ ಹೊಟ್ಟೆಯಲ್ಲಿ ಮೀಥೇನ್ ಹುಟ್ಟಿ ತೇಗಿನಲ್ಲಿ ಹೊರಗೆ ಬರುತ್ತದೆ. 2006ರ ಕೈಪಿಡಿಯಲ್ಲಿ ನಮ್ಮ ಉಪಖಂಡದ ಹಾಲು ಕೊಡುವ ಹಸುವಿಗೆ ವರ್ಷಕ್ಕೆ 58 ಕೆಜಿ, ಎತ್ತಿನಂಥ ಬೇರೆ ದನಕ್ಕೆ 27 ಕೆಜಿ ಮೀಥೇನ್ ಎಂದಿದೆ. ನಿಮ್ಮ ನಾಲ್ಕು ಜಾನುವಾರುಗಳಿಗೆ 170 ಕೆಜಿ. ಇಂಗಾಲದ ಡೈಆಕ್ಸೈಡಿನ ಲೆಕ್ಕದಲ್ಲಿ ನಾಲ್ಕೂವರೆ ಟನ್ ದಾಟುತ್ತದೆ. ಇನ್ನು ತಿಪ್ಪೆ. ಅದೇ ಕೈಪಿಡಿಯಲ್ಲಿ ಒಂದು ಹಾಲಿನ ಹಸುವಿನ ಸಗಣಿಯಿಂದ, ಕೂಡಿಡುವ ಹೊತ್ತಿನಲ್ಲಿ, ವರ್ಷಕ್ಕೆ ಸುಮಾರು 5 ಕೆಜಿ ಮೀಥೇನ್. ಎತ್ತಿಗೆ 2 ಕೆಜಿ. ನಾಲ್ಕೂ ಸೇರಿ ಸುಮಾರು 380 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮ. ಅಂದರೆ ಹಸುವಿನ ಹೊಟ್ಟೆ ನಾಲ್ಕೂವರೆ ಟನ್, ತಿಪ್ಪೆ 380 ಕೆಜಿ, ಹೊಲ 130 ಕೆಜಿ. ಹೊಲದ್ದು ಎಲ್ಲಕ್ಕಿಂತ ಸಣ್ಣದು.

ಹಾಗಾದರೆ ಮಗಳು ಓದಿದ್ದು ಯಾಕೆ ಅಷ್ಟು ದೊಡ್ಡದಾಗಿ ಕಾಣುತ್ತದೆ? ಅದು ಬಹುಶಃ ಯುರೋಪಿನ ಕಥೆ ಇರಬೇಕು. ಅಲ್ಲಿ ಹಸುಗಳು ನಿಲ್ಲುವ ಕೊಟ್ಟಿಗೆಯ ಕೆಳಗೇ ದೊಡ್ಡ ತೊಟ್ಟಿ ಇರುತ್ತದೆ. ಸಗಣಿ, ಗಂಜಲ, ತೊಳೆದ ನೀರು ಎಲ್ಲ ಸೇರಿ ತಿಂಗಳುಗಟ್ಟಲೆ ಬಗ್ಗಡವಾಗಿ ನಿಲ್ಲುತ್ತದೆ. ಗಾಳಿ ಆಡದ ಬಗ್ಗಡದಲ್ಲಿ ಮೀಥೇನ್ ಹುಟ್ಟುವುದು ನಮ್ಮ ತಿಪ್ಪೆಗಿಂತ ಎಷ್ಟೋ ಪಟ್ಟು ಜಾಸ್ತಿ. ಆಮೇಲೆ ಅದನ್ನು ಟ್ಯಾಂಕರಿನಲ್ಲಿ ತುಂಬಿ ಹೊಲಕ್ಕೆ ಹಾಯಿಸುತ್ತಾರೆ. ನೆದರ್ಲೆಂಡ್ಸಿನಲ್ಲಿ ನೆಲ ಕಡಿಮೆ, ದನ ಹಂದಿ ಜಾಸ್ತಿ. ಗೊಬ್ಬರ ಅಲ್ಲಿ ಹೊಲಕ್ಕೆ ಬೇಕಾದ್ದಕ್ಕಿಂತ ಹೆಚ್ಚಿದೆ. ಯುರೋಪಿನ 1991ರ ನೈಟ್ರೇಟ್ ಕಾನೂನಿನ ಪ್ರಕಾರ, ನೀರಿಗೆ ನೈಟ್ರೇಟ್ ಸೇರುವ ಅಪಾಯ ಇರುವ ಕಡೆ, ಸಾಮಾನ್ಯವಾಗಿ ಹೆಕ್ಟೇರಿಗೆ ವರ್ಷಕ್ಕೆ 170 ಕೆಜಿಗಿಂತ ಜಾಸ್ತಿ ಗೊಬ್ಬರದ ಸಾರಜನಕ ಹಾಕುವಂತಿಲ್ಲ. ನೀವು ಹಾಕುತ್ತಿರುವುದು ಹೆಕ್ಟೇರಿಗೆ 50 ಕೆಜಿ. ಅವರಿಗೆ ಇರುವುದು ಹೆಚ್ಚಾದ ಗೊಬ್ಬರ ಎಲ್ಲಿ ಹಾಕಲಿ ಎಂಬ ಕಷ್ಟ. ನಮಗೆ ಇರುವುದು ಗೊಬ್ಬರ ಎಲ್ಲಿಂದ ತರಲಿ ಎಂಬ ಕಷ್ಟ. ಎರಡೂ ಒಂದೇ ಅಲ್ಲ.

ಆದರೂ ಅವರಿಂದ ಕಲಿಯಬೇಕಾದ್ದು ಒಂದಿದೆ. 1990ರ ದಶಕದಿಂದ ನೆದರ್ಲೆಂಡ್ಸಿನಲ್ಲಿ ಬಗ್ಗಡವನ್ನು ನೆಲದ ಮೇಲೆ ಸುಮ್ಮನೆ ಎರಚುವುದನ್ನು ಹಂತಹಂತವಾಗಿ ನಿಲ್ಲಿಸಿದರು. ಮಣ್ಣು ಸೀಳಿ ಒಳಗೆ ಇಳಿಸಬೇಕು. ಅಮೋನಿಯಾ ಹಾರಿಹೋಗಬಾರದು ಎಂದು ಈ ನಿಯಮ. ಅದರಿಂದ ಅಮೋನಿಯಾ ತುಂಬಾ ಕಡಿಮೆಯಾಯಿತು. ಆದರೆ ಹಾರಿಹೋಗುತ್ತಿದ್ದ ಸಾರಜನಕ ಮಣ್ಣಿನಲ್ಲೇ ಉಳಿದರೆ ಅದರ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಹೊರಡಬಹುದು. ಒಂದು ತೂತು ಮುಚ್ಚಿದರೆ ಇನ್ನೊಂದು ತೂತಿನಲ್ಲಿ ಸ್ವಲ್ಪ ಸೋರುತ್ತದೆ. ಇದನ್ನು ಮುಚ್ಚಿಡದೆ ಹೇಳಬೇಕು. ಆದರೂ ನಾನು ಮಣ್ಣಿಗೆ ಸೇರಿಸುವುದೇ ಸರಿ ಎನ್ನುತ್ತೇನೆ. ಮಣ್ಣಿನಲ್ಲಿ ಉಳಿದ ಸಾರಜನಕವನ್ನು ಪೈರು ಹೀರಬಹುದು. ನಿಮ್ಮ ಯೂರಿಯಾ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಗಾಳಿಗೆ ಹೋದ ಅಮೋನಿಯಾ ಎಲ್ಲೋ ಬೇರೆ ಕಡೆ, ಯಾರದೋ ಕಾಡಿನ ಮೇಲೆ, ಕೆರೆಯ ಮೇಲೆ ಇಳಿಯುತ್ತದೆ. ಅಲ್ಲೂ ಅದರ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗುತ್ತದೆ. ನಿಮಗೆ ಮಾತ್ರ ಒಂದು ಕಾಳೂ ಬರುವುದಿಲ್ಲ.

ಅಮೋನಿಯಾದ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ನಿಮ್ಮ ನಷ್ಟ ಇರುವುದು ಅಲ್ಲೇ. ಬೆಳಿಗ್ಗೆ ತಿಪ್ಪೆಗೆ ಹಾರೆ ಹಾಕಿದಾಗ ಹಬೆ ಏಳುತ್ತದಲ್ಲ, ಕಣ್ಣು ಉರಿದು ಮೂಗು ಚುಚ್ಚುತ್ತದಲ್ಲ, ಅದು ಅಮೋನಿಯಾ. ಅದು ತಾನೇ ಹಸಿರುಮನೆ ಅನಿಲ ಅಲ್ಲ. ಆದರೆ ನೀವು ದುಡ್ಡು ಕೊಟ್ಟು ತರುವ ಯೂರಿಯಾದ ಸಾರವೇ ಅದು. ಗೊಬ್ಬರದ ಸಾರಜನಕದಲ್ಲಿ ಐದರಲ್ಲಿ ಒಂದು ಪಾಲು ಹೊಲದಲ್ಲೇ ಹೀಗೆ ಹಾರಿಹೋಗುತ್ತದೆ ಎಂದು ಐಪಿಸಿಸಿ ಲೆಕ್ಕ ಹಿಡಿಯುತ್ತದೆ. ತಿಪ್ಪೆಯಲ್ಲಿ ಹೋಗುವುದು ಬೇರೆ. ಹಸಿ ಗೊಬ್ಬರವನ್ನು ಬಿಸಿಲಿಗೆ ಹರಡಿದರೆ ಹೋಗುವುದರ ಬಹುಪಾಲು ಮೊದಲ ದಿನವೇ, ಅದರಲ್ಲೂ ಮೊದಲ ಕೆಲವು ಗಂಟೆಗಳಲ್ಲೇ ಹೋಗಿರುತ್ತದೆ. ಮಾರನೆಯ ವಾರ ಉಳುವ ಹೊತ್ತಿಗೆ ಉಳಿದದ್ದು ನಾರು, ಮಣ್ಣು. ಮಣ್ಣಿಗೆ ಅದೂ ಒಳ್ಳೆಯದೇ. ಆದರೆ ಪೈರಿನ ಊಟ ಹೋಯಿತು.

ಈಗ ಗುಪ್ಪೆಯ ವಿಷಯ. ಆಗಸ್ಟಿನಲ್ಲಿ ನಿಮ್ಮ ರಾಗಿ ಹೊಲದ ಬದುವಿನ ಮೇಲೆ ನಿಂತು ನೋಡಿ. ಹೊಲದ ತುಂಬಾ ಅಲ್ಲಲ್ಲಿ ಕಪ್ಪು ಹಸಿರು ವೃತ್ತಗಳು ಕಾಣುತ್ತವೆ. ಅಲ್ಲಿನ ಪೈರು ಸೊಕ್ಕಿ ಬೆಳೆದಿರುತ್ತದೆ, ಗಾಳಿ ಬಂದರೆ ಮಲಗುತ್ತದೆ. ಪಕ್ಕದ ಪೈರು ಹಳದಿ. ಆ ವೃತ್ತಗಳೇ ಏಪ್ರಿಲ್‌ನಲ್ಲಿ ಗುಪ್ಪೆ ಇದ್ದ ಜಾಗ. ಎರಡು ಮೂರು ಮಳೆ ಗುಪ್ಪೆಯ ಮೇಲೆ ಬಿದ್ದು ಅದರ ರಸವೆಲ್ಲ ಕೆಳಗಿನ ಮಣ್ಣಿಗೆ ಇಳಿದಿರುತ್ತದೆ. ಆಮೇಲೆ ನೀವು ಹರಡಿದ್ದು ಸಪ್ಪೆ. ಒಂದು ಮೊಳ ಜಾಗದಲ್ಲಿ ಪೈರು ಹೀರಲಾರದಷ್ಟು ಸಾರಜನಕ, ಜೊತೆಗೆ ಕೊಳೆಯುತ್ತಿರುವ ಗೊಬ್ಬರ, ಜೊತೆಗೆ ಮಳೆ ನೀರು. ನೈಟ್ರಸ್ ಆಕ್ಸೈಡ್ ಹುಟ್ಟಲು ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ನಿಮಗಾದ ನಷ್ಟವೂ ಭೂಮಿಗಾದ ನಷ್ಟವೂ ಒಂದೇ ವೃತ್ತದೊಳಗೆ ಇರುವುದನ್ನು ನಿಮ್ಮ ಕಣ್ಣಾರೆ ನೋಡಬಹುದು.

ಹಾಗಾದರೆ ಏನು ಮಾಡುವುದು? ಹರಡಿದ ದಿನವೇ ಮಣ್ಣಿಗೆ ಸೇರಿಸಿ. ನನ್ನ ಇಡೀ ಉತ್ತರದಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ. ನೀವು ಕೇಳಬಹುದು, ಖುಷ್ಕಿಯಲ್ಲಿ ಮಳೆ ಬೀಳದೆ ನೆಲಕ್ಕೆ ನೇಗಿಲು ಇಳಿಯುವುದಿಲ್ಲ, ಮಳೆ ಬಿದ್ದ ದಿನ ಊರಿನವರಿಗೆಲ್ಲ ಟ್ರ್ಯಾಕ್ಟರ್ ಬೇಕು, ಆವತ್ತು ಗೊಬ್ಬರ ಹೊಡೆಯುವುದು ಹೇಗೆ ಅಂತ. ನಿಜವಾದ ಕಷ್ಟ. ಅದಕ್ಕೇ ನಿಮ್ಮ ಹಿರಿಯರು ಗುಪ್ಪೆ ಹಾಕುವುದು ರೂಢಿ ಮಾಡಿಕೊಂಡದ್ದು. ಇದಕ್ಕೆ ನಡುದಾರಿ ಇದೆ. ಬೇಸಿಗೆಯಲ್ಲೇ ಗೊಬ್ಬರ ಸಾಗಿಸಿ, ಆದರೆ ನೂರು ಗುಪ್ಪೆ ಹಾಕಬೇಡಿ. ಹೊಲದ ಎರಡು ಮೂರು ಕಡೆ ಬದುವಿನ ಪಕ್ಕ, ನೀರು ಹರಿದು ಬರದ ಎತ್ತರದ ಜಾಗದಲ್ಲಿ, ದೊಡ್ಡ ರಾಶಿ ಹಾಕಿ. ಮೇಲೆ ನಾಲ್ಕು ಬೆರಳು ಮಣ್ಣು ಮುಚ್ಚಿ, ಇಲ್ಲವೇ ಹಳೆ ಟಾರ್ಪಾಲು ಹೊದಿಸಿ. ಉಳುವ ಹಿಂದಿನ ಸಂಜೆ ಅಥವಾ ಆ ಬೆಳಿಗ್ಗೆ ಅಲ್ಲಿಂದ ಹರಡಿ, ಬಿಸಿಲೇರುವ ಮುಂಚೆ ನೇಗಿಲೋ ಕುಂಟೆಯೋ ಹೊಡೆಯಿರಿ. ಆಳಕ್ಕೆ ಹೂಳಬೇಕಾಗಿಲ್ಲ, ಮಣ್ಣು ಮುಚ್ಚಿದರೆ ಸಾಕು. ಬಿತ್ತನೆಗೆ ಎಷ್ಟು ಹತ್ತಿರ ಇದನ್ನು ಮಾಡುತ್ತೀರೋ ಅಷ್ಟು ಒಳ್ಳೆಯದು. ಬೇರು ಬರುವ ಹೊತ್ತಿಗೆ ಊಟ ಇರುತ್ತದೆ. ಜೋರು ಮಳೆ ಬರುವ ಸೂಚನೆ ಇದ್ದರೆ ಎರಡು ದಿನ ತಡೆಯಿರಿ.

ತಿಪ್ಪೆಯಲ್ಲಿ ಮಾಡಬೇಕಾದ್ದು ಇನ್ನೂ ಸುಲಭ. ದನ ಹೊರಗೆ ಹಾಕುವ ಸಾರಜನಕದಲ್ಲಿ ಸುಮಾರು ಅರ್ಧ ಇರುವುದು ಗಂಜಲದಲ್ಲಿ. ಕೊಟ್ಟಿಗೆಗೆ ಸಿಮೆಂಟ್ ಹಾಕಿಸಿ, ನೀರು ಬಿಟ್ಟು ತೊಳೆದು, ಗಂಜಲವನ್ನೆಲ್ಲ ಚರಂಡಿಗೆ ಕಳಿಸುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಮಲೆನಾಡಿನವರು ಸೊಪ್ಪಿನ ಬೆಟ್ಟದಿಂದ ತರಗು, ಸೊಪ್ಪು ತಂದು ಕೊಟ್ಟಿಗೆಗೆ ಹಾಸುತ್ತಾರೆ. ಗಂಜಲ ಅದಕ್ಕೆ ಹೀರಿಕೊಳ್ಳುತ್ತದೆ. ಒಣ ಎಲೆಯಲ್ಲಿ ಇಂಗಾಲ ಜಾಸ್ತಿ, ಅದನ್ನು ತಿನ್ನುವ ಜೀವಿಗಳಿಗೆ ಸಾರಜನಕ ಬೇಕು, ಹಾಗಾಗಿ ಹಿಡಿದಿಟ್ಟುಕೊಳ್ಳುತ್ತವೆ. ನಿಮ್ಮ ಕಡೆ ಮೇವಿನಲ್ಲಿ ಮಿಕ್ಕ ರಾಗಿ ಹುಲ್ಲು, ಅವರೆ ಸೊಪ್ಪಿನ ಒಣಕಡ್ಡಿ, ಏನೂ ಇಲ್ಲದಿದ್ದರೆ ಒಣ ಕೆರೆಗೋಡು ಹಾಸಿ. ತಿಪ್ಪೆಗೆ ಮರದ ನೆರಳಿರಲಿ, ಮಳೆ ನೀರು ನುಗ್ಗದಿರಲಿ. ಸಗಣಿಯನ್ನೇ ಪದರ ಪದರ ಒತ್ತಬೇಡಿ, ನಡುವೆ ಒಣ ಕಸ ಇದ್ದರೆ ಗಾಳಿ ಆಡುತ್ತದೆ, ಮೀಥೇನ್ ಕಡಿಮೆಯಾಗುತ್ತದೆ. ತುಂಬಿದ ಮೇಲೆ ಮೇಲ್ಭಾಗ ಮಣ್ಣಿನಿಂದ ಮುಚ್ಚಿ.

ಗೋಬರ್ ಗ್ಯಾಸ್ ಮಾಡಿಸುವ ಶಕ್ತಿ ಇದ್ದರೆ ಅದೇ ಎಲ್ಲಕ್ಕಿಂತ ಒಳ್ಳೆಯದು. ತಿಪ್ಪೆಯಲ್ಲಿ ಸುಮ್ಮನೆ ಹೋಗುವ ಮೀಥೇನ್ ಒಲೆಯಲ್ಲಿ ಉರಿಯುತ್ತದೆ. ನಿಮ್ಮ ಜಿಲ್ಲೆಯಲ್ಲೇ, ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಎ.ಕೆ.ಎನ್. ರೆಡ್ಡಿ ಮತ್ತು ಅವರ ಜೊತೆಯವರು 1980ರ ದಶಕದಲ್ಲಿ ಊರಿನ ಸಗಣಿಯಿಂದ ಗ್ಯಾಸ್ ಮಾಡಿ, ಅದರಿಂದ ಎಂಜಿನ್ ಓಡಿಸಿ, ಮನೆಗಳಿಗೆ ದೀಪ, ನೀರು ಕೊಟ್ಟಿದ್ದರು. ಬಗ್ಗಡ ರೈತರಿಗೆ ವಾಪಸ್. ಅಷ್ಟು ಹಿಂದೆಯೇ ನಿಮ್ಮ ಪಕ್ಕದಲ್ಲೇ ಮಾಡಿ ತೋರಿಸಿದ ಕೆಲಸ ಇದು. ಆದರೆ ಎರಡು ಎಚ್ಚರಿಕೆ. ಡ್ರಮ್ಮಿನಲ್ಲೋ ಪೈಪಿನಲ್ಲೋ ಸೋರುವ ಗೋಬರ್ ಗ್ಯಾಸ್ ಮೀಥೇನನ್ನು ತಾನೇ ತಯಾರಿಸಿ ಗಾಳಿಗೆ ಬಿಡುತ್ತದೆ, ತಿಪ್ಪೆಗಿಂತ ಕೆಡುಕು. ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡಿ. ಇನ್ನೊಂದು, ಹೊರಬರುವ ಬಗ್ಗಡದಲ್ಲಿ ಅಮೋನಿಯಂ ಜಾಸ್ತಿ. ಬಿಸಿಲಲ್ಲಿ ತೆರೆದಿಟ್ಟು ಒಣಗಿಸಿದರೆ ಸಾರವೆಲ್ಲ ಹೋಗುತ್ತದೆ. ಒಣ ಎಲೆಯ ಮೇಲೆ ಬಿಟ್ಟು ಕಾಂಪೋಸ್ಟ್ ಮಾಡಿ, ಇಲ್ಲವೇ ಸಂಜೆ ಹೊತ್ತು ನೀರಿನ ಜೊತೆ ತೋಟಕ್ಕೆ ಹಾಯಿಸಿ.

'ಯೂರಿಯಾನೇ ವಾಸಿಯಾ' ಎಂದು ಕೇಳಿದ್ದೀರಿ. ಅಲ್ಲ. ನಿಮ್ಮ ಕಡೆ ಹೊಲದಿಂದ ಹೊರಡುವ ನೈಟ್ರಸ್ ಆಕ್ಸೈಡ್ ಎರಡಕ್ಕೂ ಹೆಚ್ಚು ಕಡಿಮೆ ಒಂದೇ. ಆದರೆ ಯೂರಿಯಾ ಕಾರ್ಖಾನೆಯಲ್ಲಿ ಹೆಚ್ಚಾಗಿ ನೈಸರ್ಗಿಕ ಅನಿಲ ಬಳಸಿ ತಯಾರಾಗುತ್ತದೆ. ಮಣ್ಣಿಗೆ ಬಿದ್ದು ಕರಗುವಾಗ ಒಂದೊಂದು ಮೂಟೆಯೂ 33 ಕೆಜಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಅದು ಹುಲ್ಲಿನಿಂದ ಬಂದದ್ದಲ್ಲ. ಮಳೆ ಜಾಸ್ತಿ ಇರುವ ನಿಮ್ಮ ತಂಗಿಯ ಕಡೆಯ ತೋಟಗಳಲ್ಲಿ ಗೊಬ್ಬರಕ್ಕೂ ರಸಗೊಬ್ಬರಕ್ಕೂ ಅಂತರ ಇನ್ನೂ ದೊಡ್ಡದು.

ಹಾಗಂತ ಯೂರಿಯಾ ಪೂರಾ ಬಿಡಿ ಎಂದೂ ನಾನು ಹೇಳುವುದಿಲ್ಲ. ಗೊಬ್ಬರದ ಸಾರಜನಕ ಮೊದಲ ವರ್ಷ ಮೂರರಲ್ಲಿ ಒಂದು ಪಾಲೋ ಅದಕ್ಕೂ ಕಡಿಮೆಯೋ ಪೈರಿಗೆ ಸಿಗುತ್ತದೆ. ಮಿಕ್ಕದ್ದು ನಿಧಾನ. ಖುಷ್ಕಿ ರಾಗಿಗೆ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಹೆಕ್ಟೇರಿಗೆ 50 ಕೆಜಿ ಸಾರಜನಕ, ಅಂದರೆ ಎಕರೆಗೆ ಸುಮಾರು ಒಂದು ಮೂಟೆ ಯೂರಿಯಾದಷ್ಟು. ತಪ್ಪಾಗುವುದು ಎಲ್ಲಿ ಅಂದರೆ, ಎರಡು ಲೋಡ್ ಗೊಬ್ಬರ ಹಾಕಿ, ಡಿಎಪಿ ಹಾಕಿ, ಆಮೇಲೆ ಪಕ್ಕದವರು ಹಾಕಿದರು ಅಂತ ಒಂದೂವರೆ ಮೂಟೆ ಯೂರಿಯಾ ಎರಚುವುದರಲ್ಲಿ. ಡಿಎಪಿಯಲ್ಲೂ ನೂರಕ್ಕೆ 18 ಸಾರಜನಕ ಇದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪೈರಿಗೆ ಬೇಕಾದ್ದನ್ನು ದಾಟಿದ ಮೇಲೆ ಹಾಕುವ ಪ್ರತಿ ಕೆಜಿಯಿಂದ ಹೊರಡುವ ನೈಟ್ರಸ್ ಆಕ್ಸೈಡ್ ಮೊದಲಿನದಕ್ಕಿಂತ ಜಾಸ್ತಿ. ಮಣ್ಣು ಪರೀಕ್ಷೆ ಮಾಡಿಸಿ. ಗೊಬ್ಬರದಿಂದ ಸಿಗುವುದನ್ನು ಕಳೆದು, ಮಿಕ್ಕ ಯೂರಿಯಾವನ್ನು ಎರಡು ಸಲ ಕೊಡಿ.

ಗೊಬ್ಬರದ ಪರ ಇನ್ನೊಂದು ದೊಡ್ಡ ಮಾತಿದೆ, ಮಣ್ಣಿನ ಇಂಗಾಲ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬಲ್ಲಿ 1843ರಿಂದ ಇವತ್ತಿನವರೆಗೆ ಒಂದೇ ಹೊಲದಲ್ಲಿ ಗೋಧಿ ಬೆಳೆದು ನೋಡುತ್ತಿದ್ದಾರೆ. ಹೆಕ್ಟೇರಿಗೆ ವರ್ಷಕ್ಕೆ 35 ಟನ್ ಕೊಟ್ಟಿಗೆ ಗೊಬ್ಬರ ಹಾಕುವ ತಾಕಿನಲ್ಲಿ ಇಂಗಾಲ ಬರೀ ರಸಗೊಬ್ಬರದ ತಾಕಿಗಿಂತ ಎರಡು ಪಟ್ಟು ದಾಟಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1986ರಿಂದ ರಾಗಿ, ಮುಸುಕಿನ ಜೋಳದ ದೀರ್ಘ ಪ್ರಯೋಗ ಇದೆ. ಅಲ್ಲಿಯ ಕೆಂಪು ಮಣ್ಣಿನಲ್ಲಿ ಬರೀ ಸಾರಜನಕ ಕೊಟ್ಟ ತಾಕು ಹುಳಿಯಾಗಿ ಇಳುವರಿ ಕುಸಿಯಿತು. ರಸಗೊಬ್ಬರದ ಜೊತೆ ಕೊಟ್ಟಿಗೆ ಗೊಬ್ಬರ ಕೊಟ್ಟ ತಾಕು ನಿಂತಿತು. ಮಣ್ಣಿನ ಕಾರ್ಡಿನಲ್ಲಿ ಸಾವಯವ ಇಂಗಾಲ ಅರ್ಧ ಪರ್ಸೆಂಟಿಗಿಂತ ಕಡಿಮೆ ಇದ್ದರೆ 'ಕಡಿಮೆ' ಎಂದು ಬರೆಯುತ್ತಾರೆ. ನಿಮ್ಮ ಕಡೆಯ ಎಷ್ಟೋ ಹೊಲಗಳು ಆ ಗೆರೆಯ ಕೆಳಗೇ ಇವೆ. ಅಂಥ ನೆಲಕ್ಕೆ ಗೊಬ್ಬರ ಬಿಡಿ ಎಂದು ನಾನು ಹೇಳಿದರೆ ಪಾಪ ಬರುತ್ತದೆ.

ಆದರೆ ಇದನ್ನು ಉಬ್ಬಿಸಿಯೂ ಹೇಳಬಾರದು. ನಿಮ್ಮ ಹೊಲಕ್ಕೆ ಬಂದ ಇಂಗಾಲ ಎಲ್ಲಿಂದಲೋ ಬಂದದ್ದು. ಗೋಮಾಳದ ಹುಲ್ಲು ನಿಮ್ಮ ತಿಪ್ಪೆಗೆ ಬಂತು ಅಷ್ಟೇ. ಆಮೇಲೆ ಏರಿಕೆ ನಿಲ್ಲುತ್ತದೆ. ರಾಥಮ್‌ಸ್ಟೆಡ್‌ನಲ್ಲೂ ಮೊದಲ ದಶಕಗಳಲ್ಲಿ ಬೇಗ ಏರಿ ಆಮೇಲೆ ನಿಧಾನವಾಯಿತು. ಗೊಬ್ಬರ ಹಾಕಿದರೆ ಕಾರ್ಬನ್ ಕ್ರೆಡಿಟ್ಟಿನ, ಅಂದರೆ ಇಂಗಾಲವನ್ನು ಮಣ್ಣಿನಲ್ಲಿ ಹಿಡಿದಿಟ್ಟದ್ದಕ್ಕೆ ಕೊಡುವ ದುಡ್ಡು ಬರುತ್ತದೆ ಎಂದು ಯಾರಾದರೂ ಕಾಗದ ಹಿಡಿದು ಬಂದರೆ ಪೂರಾ ಓದಿಸಿಕೊಳ್ಳದೆ ಸಹಿ ಹಾಕಬೇಡಿ.

ಇನ್ನು ನಿಮ್ಮ ತಂಗಿಯ ಗದ್ದೆ. ಅಲ್ಲಿ ಲೆಕ್ಕ ತಲೆಕೆಳಗು. ನೀರು ನಿಂತ ಗದ್ದೆಯಲ್ಲಿ ಚಿಂತೆ ನೈಟ್ರಸ್ ಆಕ್ಸೈಡ್ ಅಲ್ಲ, ಮೀಥೇನ್. ಹಸಿ ಸಗಣಿ, ಹಸಿ ಹುಲ್ಲು, ಸೊಪ್ಪು ನೀರಿನಡಿ ಕೊಳೆತರೆ ಮೀಥೇನ್ ಏರುತ್ತದೆ. ನಾಟಿಗೆ ಸ್ವಲ್ಪ ಮುಂಚೆ ಭತ್ತದ ಹುಲ್ಲನ್ನು ಉತ್ತರೆ ಬರುವ ಮೀಥೇನಿಗೆ ಒಂದು ರೂಪಾಯಿ ಎಂದಿಟ್ಟರೆ, ಹಸಿರೆಲೆ ಗೊಬ್ಬರಕ್ಕೆ ಅರ್ಧ ರೂಪಾಯಿಯ ಹತ್ತಿರ, ಕೊಟ್ಟಿಗೆ ಗೊಬ್ಬರ, ಕಾಂಪೋಸ್ಟಿಗೆ ಇಪ್ಪತ್ತು ಪೈಸೆಯ ಸುತ್ತಮುತ್ತ ಎಂದು 2019ರ ಕೈಪಿಡಿ ಲೆಕ್ಕ ಹಿಡಿಯುತ್ತದೆ. ಮೀಥೇನ್ ಆಗಬೇಕಾದ ಭಾಗ ತಿಪ್ಪೆಯಲ್ಲೇ ಗಾಳಿಯ ಜೊತೆ ಕೊಳೆತು ಮುಗಿದಿರುತ್ತದೆ, ಅದಕ್ಕೇ. ಹಾಗಾಗಿ ಅವರಿಗೆ ಹೇಳಿ: ಪೂರಾ ಕಳಿತ ಗೊಬ್ಬರವನ್ನೇ ಹಾಕಲಿ. ಕೈಯಲ್ಲಿ ಹಿಡಿದರೆ ಪುಡಿಯಾಗಬೇಕು, ಸಗಣಿ ವಾಸನೆ ಹೋಗಿ ಮಣ್ಣಿನ ವಾಸನೆ ಬರಬೇಕು. ಹುಲ್ಲು ಉಳುವುದಾದರೆ ನಾಟಿಗೆ ಒಂದು ತಿಂಗಳ ಮುಂಚೆಯೇ ಉತ್ತುಬಿಡಲಿ. ಬೇಸಿಗೆ ಬೆಳೆಗೆ ನೀರು ಅವರ ಕೈಯಲ್ಲಿ ಇದ್ದರೆ ನಡುವೆ ನಡುವೆ ಗದ್ದೆ ಆರಿಸಲಿ. ತೂತು ಕೊರೆದ ಪೈಪ್ ಒಂದನ್ನು ಗದ್ದೆಯಲ್ಲಿ ಹೂತು, ಅದರೊಳಗಿನ ನೀರು ನೆಲಮಟ್ಟದಿಂದ 15 ಸೆಂಟಿಮೀಟರ್ ಇಳಿದಾಗ ಮತ್ತೆ ನೀರು ಕಟ್ಟುವುದು. ಹೀಗೆ ಮಾಡಿದರೆ ಮೀಥೇನ್ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಹೂ ಬಿಡುವ ಹೊತ್ತಿನಲ್ಲಿ ಮಾತ್ರ ಆರಿಸಬಾರದು. ಮಳೆಗಾಲದ ಮಲೆನಾಡಿನಲ್ಲಿ ಇದು ಆಗುವ ಮಾತಲ್ಲ, ಅದು ನನಗೂ ಗೊತ್ತು.

ಪತ್ರದಲ್ಲಿ ಕೇಳದಿದ್ದರೂ ಎರಡು ಮಾತು. ನಿಮ್ಮ ಕಡೆ ಈಗ ಕೋಳಿ ಗೊಬ್ಬರ ತರಿಸುವವರು ಜಾಸ್ತಿ. ಅದರಲ್ಲಿ ಸಾರಜನಕ ಕೊಟ್ಟಿಗೆ ಗೊಬ್ಬರದ ಐದಾರು ಪಟ್ಟು. ಕೊಟ್ಟಿಗೆ ಗೊಬ್ಬರದ ಅಳತೆಯಲ್ಲಿ ಅದನ್ನು ಹಾಕಬೇಡಿ, ಹಸಿಯಾಗಿ ಅಂತೂ ಬೇಡವೇ ಬೇಡ. ಸಗಣಿ, ಗಂಜಲ, ಬೆಲ್ಲ ಕಲಸಿ ಕೊಳೆಸಿದ ಜೀವಾಮೃತ ಹಾಕುವವರು ತಮ್ಮದರಿಂದ ಅನಿಲ ಬರುವುದಿಲ್ಲ ಎನ್ನುತ್ತಾರೆ. ಎಕರೆಗೆ ಹತ್ತು ಕೆಜಿ ಸಗಣಿಯಲ್ಲಿ ಸಾರಜನಕ ಇರುವುದೇ ಅಷ್ಟು ಕಡಿಮೆ, ಹಾಗಾಗಿ ಅನಿಲವೂ ಕಡಿಮೆ. ಅದೇ ಕಾರಣಕ್ಕೆ ಅದೊಂದರಿಂದಲೇ ರಾಗಿಯ ಹಸಿವು ತೀರುವುದಿಲ್ಲ.

ಮಗಳಿಗೆ ಒಂದು ಕೆಲಸ ಕೊಡಿ. ಈ ಸಲ ಒಂದು ಎಕರೆಯಲ್ಲಿ ಮಾತ್ರ ಹಳೆಯ ಹಾಗೆ ಗುಪ್ಪೆ ಹಾಕಿ ಬಿಡಿ. ಮಿಕ್ಕ ಎರಡು ಎಕರೆಗೆ ಬದುವಿನ ರಾಶಿಯಿಂದ ಹರಡಿ ಅದೇ ದಿನ ಮಣ್ಣಿಗೆ ಸೇರಿಸಿ, ಯೂರಿಯಾ ಎಕರೆಗೆ ಕಾಲು ಮೂಟೆ ಕಡಿಮೆ ಮಾಡಿ. ಅವಳು ತೂಕ, ತಾರೀಕು, ಮಳೆ ಬಿದ್ದ ದಿನ ಎಲ್ಲ ಬರೆದಿಡಲಿ. ಆಗಸ್ಟಿನಲ್ಲಿ ಬದುವಿನ ಮೇಲೆ ನಿಂತು ಕಪ್ಪು ಹಸಿರು ವೃತ್ತಗಳನ್ನು ಎಣಿಸಲಿ. ಒಕ್ಕಣೆ ಆದ ಮೇಲೆ ಎರಡೂ ಕಡೆಯ ರಾಗಿಯನ್ನು ಬೇರೆ ಬೇರೆ ಅಳೆದು ನನಗೆ ಬರೆಯಿರಿ.